ಕಬ್ಬಿನ ಟ್ರ್ಯಾಕ್ಟರ್‌ಗೆ ಟ್ರಾಮ್ ಅಂದ ಮಾಡೆಲ್: ತಪ್ಪು ಕಣ್ಣಿನದೋ, ಪಾಠದ್ದೋ?

ಪ್ರಶ್ನೆ: ನಾನು ಮುಧೋಳದ ಕಡೆಯವಳು. ಎಂಜಿನಿಯರಿಂಗ್ ಕೊನೆಯ ವರ್ಷ. ಚಾಲಕರಿಲ್ಲದ ಕಾರುಗಳಿಗಾಗಿ ರಸ್ತೆಯ ಮೇಲಿನ ವಸ್ತುಗಳನ್ನು ಗುರುತಿಸುವ ಮಾಡೆಲ್ ನಮ್ಮ ಪ್ರಾಜೆಕ್ಟ್. ಜರ್ಮನಿಯ ಕಿಟ್ಟಿ ಡೇಟಾಸೆಟ್ (ವಸ್ತುಗಳಿಗೆ ಹೆಸರು ಹಚ್ಚಿದ ರಸ್ತೆ ಚಿತ್ರಗಳ ಸಂಗ್ರಹ) ಮೇಲೆ ತರಬೇತಿ ಕೊಟ್ಟೆವು. ಕಾರು ಗುರುತಿಸುವುದರಲ್ಲಿ 96% ಬಂತು. ಖುಷಿಯಿಂದ ಅಪ್ಪನ ಕಾರಿನ ಡ್ಯಾಶ್‌ಬೋರ್ಡಿಗೆ ಫೋನ್ ಕಟ್ಟಿ, ಅಪ್ಪ ಓಡಿಸುವಾಗ ನಮ್ಮೂರ ರಸ್ತೆಯ ವಿಡಿಯೊ ತೆಗೆದೆವು. ಡಬಲ್ ಟ್ರೇಲರ್ ತುಂಬಾ ಕಬ್ಬು ಹೇರಿದ ಟ್ರ್ಯಾಕ್ಟರ್ ಮುಂದೆಯೇ ಇದೆ, ಮಾಡೆಲ್ ಸುಮ್ಮನಿದೆ. ಒಂದೆರಡು ಫ್ರೇಮ್‌ನಲ್ಲಿ ಅದನ್ನು 'ಟ್ರಾಮ್' (ಬೀದಿಯಲ್ಲೇ ಹಳಿ ಮೇಲೆ ಓಡುವ ರೈಲು) ಅಂದಿತು. ಆಟೊವನ್ನು 'ವ್ಯಾನ್' ಅಂದಿತು. ಲೈಡಾರ್ (ಲೇಸರ್‌ನಿಂದ ದೂರ ಅಳೆಯುವ ಸಾಧನ) ಇದ್ದಿದ್ದರೆ ಸರಿಹೋಗುತ್ತಿತ್ತು ಅಂತ ಗೈಡ್ ಹೇಳುತ್ತಾರೆ. ಟೆಸ್ಲಾ ಬರೀ ಕ್ಯಾಮೆರಾದಲ್ಲೇ ಓಡುತ್ತಲ್ಲ ಅಂತ ಗೆಳತಿ ಹೇಳುತ್ತಾಳೆ. ಇದೆಲ್ಲ ದೊಡ್ಡ ಕಂಪನಿಗಳ ಕೆಲಸ, ಕಾಲೇಜಿನಲ್ಲಿ ಮಾಡಿ ಏನು ಉಪಯೋಗ ಅಂತ ಅಣ್ಣನ ವಾದ. ಉಳಿದಿರುವುದು ನಾಲ್ಕು ತಿಂಗಳು. ಮಾಡೆಲ್ ಬದಲಿಸಲಾ, ಲೈಡಾರ್ ಕೊಳ್ಳಲಾ, ವಿಷಯವನ್ನೇ ಬಿಡಲಾ?

ಉತ್ತರ: 'ಟ್ರಾಮ್' ಅಂದಿದ್ದು ಓದಿ ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ನಿಮ್ಮ ಮಾಡೆಲ್ ಬಗ್ಗೆ ಸ್ವಲ್ಪ ಗೌರವವೇ ಬಂತು. ಉದ್ದಕ್ಕಿದೆ, ಎತ್ತರಕ್ಕಿದೆ, ಒಂದರ ಹಿಂದೆ ಒಂದು ಡಬ್ಬಿ ಸೇರಿಸಿದ ಹಾಗಿದೆ, ಮೆಲ್ಲಗೆ ಹೋಗುತ್ತಿದೆ. ತನಗೆ ಗೊತ್ತಿದ್ದ ಹೆಸರುಗಳಲ್ಲಿ ಹತ್ತಿರದ್ದನ್ನೇ ಹೇಳಿದೆ ಪಾಪ.

ಮೂರು ಜನ ನಿಮಗೆ ಮೂರು ಮಾತು ಹೇಳಿದ್ದಾರೆ. ಆದರೆ ಅವುಗಳ ಹಿಂದೆ ನಿಮಗಿರುವ ಭಯ ಒಂದೇ ಅನ್ನಿಸುತ್ತದೆ: ಆ 96 ಸುಳ್ಳಾ? ಸುಳ್ಳಲ್ಲ. ಆದರೆ ಅದು ಕಿಟ್ಟಿ ಚಿತ್ರಗಳನ್ನು ತೆಗೆದ ಜರ್ಮನಿಯ ಕಾರ್ಲ್ಸ್‌ರೂಹೆ ಊರಿನ 96, ಮುಧೋಳದ್ದಲ್ಲ. ಅದು ಕೂಡ ಪೂರ್ತಿ 96 ಇರಲಿಕ್ಕಿಲ್ಲ ಅಂತ ನನ್ನ ಗುಮಾನಿ. ಅಲ್ಲಿಂದಲೇ ಶುರು ಮಾಡೋಣ.

ಕಿಟ್ಟಿ ಅಂದ ಕೂಡಲೇ ನಮ್ಮೂರ ಕೃಷ್ಣಮೂರ್ತಿ ಯಾರೋ ಮಾಡಿದ್ದಿರಬೇಕು ಅಂತ ನಾವು ಹಿಂದೆ ತಮಾಷೆ ಮಾಡುತ್ತಿದ್ದೆವು. ಕಾರ್ಲ್ಸ್‌ರೂಹೆ ತಾಂತ್ರಿಕ ಸಂಸ್ಥೆ ಮತ್ತು ಶಿಕಾಗೊದ ಟೊಯೊಟ ತಾಂತ್ರಿಕ ಸಂಸ್ಥೆ, ಈ ಎರಡರ ಮೊದಲಕ್ಷರಗಳು ಸೇರಿ ಆದ ಹೆಸರು ಅದು. 2012ರಲ್ಲಿ ಹೊರಬಂತು. ಒಂದು ಫೋಕ್ಸ್‌ವ್ಯಾಗನ್ ಪಸ್ಸಾಟ್ ಕಾರು. ಅದರ ತಲೆಯ ಮೇಲೆ ಕ್ಯಾಮೆರಾಗಳು, ಜಿಪಿಎಸ್, ಮತ್ತು ತಿರುಗುವ ಲೈಡಾರ್ ಒಂದು. ಆ ಲೈಡಾರ್‌ನೊಳಗೆ 64 ಲೇಸರ್‌ಗಳು. ಆಗ ಅದರ ಬೆಲೆ 75,000 ಡಾಲರ್ ಆಸುಪಾಸು. ಇಡೀ ಕಾರಿಗಿಂತ ಜಾಸ್ತಿ! 2011ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ, ಐದು ದಿನ, ಹಗಲು ಹೊತ್ತಿನಲ್ಲಿ ಊರು ಮತ್ತು ಸುತ್ತಮುತ್ತ ಓಡಿಸಿ ರೆಕಾರ್ಡ್ ಮಾಡಿದರು. ಅಷ್ಟರಿಂದಲೇ ಹತ್ತಾರು ವರ್ಷದ ಸಂಶೋಧನೆಗೆ ಸಾಕಾಗುವಷ್ಟು ಸರಕು ಬಂತು.

ಅದರೊಳಗೆ ಏನಿದೆ ನೋಡಿ. ಕಾರು, ವ್ಯಾನ್, ಲಾರಿ, ಪಾದಚಾರಿ, ಕೂತ ಮನುಷ್ಯ, ಸೈಕಲ್ ಸವಾರ, ಟ್ರಾಮ್, ಇತರೆ. ಮೋಟರ್ ಬೈಕ್‌ಗೆ ಅಂತ ಒಂದು ಹೆಸರೇ ಇಲ್ಲ. ಆಟೊ ಇಲ್ಲ, ಎಮ್ಮೆ ಇಲ್ಲ, ಟ್ರ್ಯಾಕ್ಟರ್ ಇಲ್ಲ. ರಾತ್ರಿ ಇಲ್ಲ. ನಮ್ಮ ದೂಳಂತೂ ಇಲ್ಲವೇ ಇಲ್ಲ. ಇಲ್ಲದ ಹೆಸರನ್ನು ಮಾಡೆಲ್ ಎಲ್ಲಿಂದ ಹೇಳಬೇಕು? ಹೇಳುವುದಿಲ್ಲ ಅನ್ನುವುದಷ್ಟೇ ಅಲ್ಲ, ತರಬೇತಿಯಲ್ಲಿ ಹೆಸರಿಲ್ಲದ ವಸ್ತುವನ್ನು ಅದು ಹಿನ್ನೆಲೆ ಅಂತ ಕಲಿಯುತ್ತದೆ. ಅಂದರೆ ನಿಮ್ಮ ಮಾಡೆಲ್ ಕಬ್ಬಿನ ರಾಶಿಯನ್ನು 'ನೋಡಲಿಲ್ಲ' ಅನ್ನುವುದು ಪೂರ್ತಿ ಸರಿಯಲ್ಲ. ರಸ್ತೆ ಬದಿಯ ಪೊದೆ ಅಂದುಕೊಂಡು ಬಿಟ್ಟುಬಿಟ್ಟಿತು.

ಇನ್ನು 96ರ ಮೇಲಿನ ಗುಮಾನಿ. ಕಿಟ್ಟಿಯಲ್ಲಿ ಲೇಬಲ್ (ಯಾವ ವಸ್ತು ಎಲ್ಲಿದೆ ಅನ್ನುವ ಗುರುತು) ಸಮೇತ ಸಿಗುವುದು 7,481 ಚಿತ್ರ. ಪರೀಕ್ಷೆಗೆಂದು ಇಟ್ಟಿರುವ 7,518 ಚಿತ್ರಗಳ ಲೇಬಲ್ ಅವರು ಕೊಡುವುದಿಲ್ಲ, ಉತ್ತರವನ್ನು ಅವರ ಸರ್ವರ್‌ಗೆ ಕಳಿಸಬೇಕು. ಹಾಗಾಗಿ ವಿದ್ಯಾರ್ಥಿಗಳು 7,481ನ್ನೇ ತಾವೇ ಎರಡು ಪಾಲು ಮಾಡಿಕೊಳ್ಳುತ್ತಾರೆ. ನೀವೂ ಎಂಬತ್ತು–ಇಪ್ಪತ್ತು ಅಂತ ಕಲಸಿ ಹಂಚಿದ್ದೀರಿ, ಅಲ್ವಾ? ಎಡವಿದ್ದು ಅಲ್ಲೇ. ಆ ಕಾರು ಸೆಕೆಂಡಿಗೆ 10 ಫ್ರೇಮ್ ರೆಕಾರ್ಡ್ ಮಾಡಿದೆ. ಒಂದೇ ಬೀದಿಯಲ್ಲಿ ನಿಂತ ಅದೇ ಕೆಂಪು ಕಾರು ಹತ್ತಾರು ಚಿತ್ರಗಳಲ್ಲಿ ಇರುತ್ತದೆ. ಕಲಸಿ ಹಂಚಿದರೆ ಒಂದು ಫ್ರೇಮ್ ತರಬೇತಿಗೆ, ಅದರ ಅವಳಿ ಪರೀಕ್ಷೆಗೆ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ಹಾಗೆ. ಇದನ್ನು ತಪ್ಪಿಸಲು ಸಂಶೋಧಕರು ಬಹಳ ವರ್ಷದಿಂದ ಬಳಸುವ ಒಂದು ಹಂಚಿಕೆ ಇದೆ: 3,712 ತರಬೇತಿಗೆ, 3,769 ಪರೀಕ್ಷೆಗೆ. ಅದರಲ್ಲಿ ಒಂದೇ ಓಡಾಟದ ಫ್ರೇಮ್‌ಗಳು ಎರಡೂ ಕಡೆ ಸೇರದ ಹಾಗೆ ನೋಡಿಕೊಂಡಿದ್ದಾರೆ. ಇವತ್ತೇ ಅದರ ಮೇಲೆ ಮತ್ತೆ ಓಡಿಸಿ ನೋಡಿ. ಅಂಕಿ ಇಳಿದರೆ ಬೇಜಾರಾಗಬೇಡಿ. ವೈವಾದಲ್ಲಿ ನಿಮ್ಮನ್ನು ಕಾಪಾಡುವುದು ಆ ಇಳಿದ ಅಂಕಿಯೇ. ನಾನು ಪರೀಕ್ಷಕನಾಗಿ ಕೂತಾಗ ಮೊದಲು ಕೇಳುವ ಪ್ರಶ್ನೆ ಇದೇ.

ಈಗ ಗೈಡ್ ಮಾತು. ಲೈಡಾರ್ ಇದ್ದಿದ್ದರೆ ಟ್ರ್ಯಾಕ್ಟರ್ ಕಾಣುತ್ತಿತ್ತಾ? ಕಾಣುತ್ತಿತ್ತು. ಸರಿಹೋಗುತ್ತಿತ್ತಾ? ಅದು ಬೇರೆ ಮಾತು.

ಲೈಡಾರ್ ಲೇಸರ್ ಬೆಳಕಿನ ಸಣ್ಣ ಮಿಡಿತ ಕಳಿಸಿ, ಅದು ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ, ಆ ಲೆಕ್ಕದಲ್ಲಿ ದೂರ ಸಿಗುತ್ತದೆ. ಅಲ್ಲಿ ಏನೋ ಇದೆ ಅನ್ನುವುದನ್ನು ಅದು ಹೆಸರು ಕೇಳದೆಯೇ ಹೇಳುತ್ತದೆ. ಇದು ನಿಜಕ್ಕೂ ದೊಡ್ಡ ಗುಣ. ಇನ್ನೊಂದು ಸಂತೋಷದ ವಿಷಯ: ಸಾಮಾನ್ಯ ಲೈಡಾರ್‌ಗಳು ಬಳಸುವ 905 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣದ ಅವಕೆಂಪು. ಹಸಿರು ಎಲೆ ಆ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ. ನಿಮ್ಮ ಕಬ್ಬಿನ ಸೋಗೆ ರಾತ್ರಿ ಕ್ಯಾಮೆರಾಗೆ ಕಪ್ಪು ರಾಶಿ, ಲೈಡಾರ್‌ಗೆ ಅದು ಹೊಳೆಯುವ ರಾಶಿ.

ಆದರೆ ವಸ್ತುವಿನ ಮೇಲೆ ಲೇಸರ್‌ನ ಚುಕ್ಕಿಗಳು ಎಷ್ಟು ಬೀಳುತ್ತವೆ ಅಂತಲೂ ನೋಡಬೇಕು. ಕಿಟ್ಟಿ ಕಾರಿನ 64 ಲೇಸರ್‌ಗಳು ಮೇಲಿಂದ ಕೆಳಗೆ ಸುಮಾರು 27 ಡಿಗ್ರಿಯಲ್ಲಿ ಹಂಚಿಕೊಂಡಿವೆ. ತಿರುಗುವಾಗ ಒಂದೊಂದು ಲೇಸರ್ ಒಂದೊಂದು ಗೆರೆ ಎಳೆಯುತ್ತದೆ, ಒಂದು ಗೆರೆಗೂ ಮುಂದಿನದಕ್ಕೂ 0.4 ಡಿಗ್ರಿ ಅಂತರ. 50 ಮೀಟರ್ ದೂರದಲ್ಲಿ ಆ ಅಂತರ 35 ಸೆಂಟಿಮೀಟರ್ ಆಗುತ್ತದೆ. ಅಲ್ಲಿ ನಿಂತ ಮನುಷ್ಯನ ಮೇಲೆ ಬೀಳುವುದು ನಾಲ್ಕೈದು ಗೆರೆ ಅಷ್ಟೇ. ಟ್ರೇಲರ್ ಹಿಂದೆ ಚಾಚಿಕೊಂಡಿರುವ ನಾಲ್ಕು ಕಬ್ಬಿನ ಜಲ್ಲೆಗಳ ಮೇಲೆ ಒಂದು ಗೆರೆ ಬಿದ್ದರೆ ಪುಣ್ಯ. ನೀವು ಕೊಳ್ಳಬಹುದಾದ ಅಗ್ಗದ ಲೈಡಾರ್‌ನಲ್ಲಿ 16 ಗೆರೆ ಇರಬಹುದು, ಅಥವಾ ಒಂದೇ. ಚುಕ್ಕಿಗಳು ಬಿದ್ದ ಮೇಲೂ ಅವುಗಳಿಗೆ ಹೆಸರು ಹಚ್ಚುವುದು ಮತ್ತೊಂದು ಮಾಡೆಲ್. ಅದಕ್ಕೂ ಯಾರೋ ಪಾಠ ಹೇಳಬೇಕು. ಕಿಟ್ಟಿಯ ಚುಕ್ಕಿಗಳಿಂದಲೇ ಪಾಠ ಹೇಳಿದರೆ ತಿರುಗಿ ಅದೇ ಟ್ರಾಮ್.

ಲೈಡಾರ್ ತಂದ ದಿನದಿಂದ ಶುರುವಾಗುವ ಇನ್ನೊಂದು ಗೋಳನ್ನು ಗೈಡ್ ಹೇಳಿರಲಿಕ್ಕಿಲ್ಲ: ಕ್ಯಾಲಿಬ್ರೇಷನ್. ಲೈಡಾರ್‌ನ ಚುಕ್ಕಿ ಕ್ಯಾಮೆರಾದ ಯಾವ ಪಿಕ್ಸೆಲ್ ಮೇಲೆ ಕೂರಬೇಕು ಅಂತ ಕರಾರುವಾಕ್ಕಾಗಿ ಗೊತ್ತಿರಬೇಕು. ಚದುರಂಗದ ಹಲಗೆಯಂಥ ಬೋರ್ಡ್ ಹಿಡಿದು ಬಿಸಿಲಲ್ಲಿ ಅತ್ತಿತ್ತ ಓಡಾಡಿ ಸರಿಮಾಡುತ್ತೇವೆ. ಕೋನ ಒಂದೇ ಡಿಗ್ರಿ ತಪ್ಪಿದರೆ 50 ಮೀಟರ್ ದೂರದಲ್ಲಿ 87 ಸೆಂಟಿಮೀಟರ್ ಆಚೆ ಬೀಳುತ್ತದೆ. ಪಾದಚಾರಿಯ ದೂರ ಕೇಳಿದರೆ ಹಿಂದಿನ ಕಂಬದ ದೂರ ಬರುತ್ತದೆ. ಸಮಯವೂ ಹೊಂದಬೇಕು. 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆನ್ಸರ್‌ಗಳ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗ ಹಿಂದೆಮುಂದೆ ಆದರೆ ಸುಮಾರು 1.7 ಮೀಟರ್ ತಪ್ಪು. ನಮ್ಮ ಹಂಪ್‌ಗಳ ಮೇಲೆ ನಾಲ್ಕು ಸಲ ಹಾರಿದರೆ ಬೆಳಿಗ್ಗೆ ಮಾಡಿದ ಕ್ಯಾಲಿಬ್ರೇಷನ್ ಸಂಜೆಗೆ ಇರುವುದಿಲ್ಲ. ಒಮ್ಮೆ ನಾವು ಮೂರು ವಾರ ಮಾಡೆಲ್‌ನಲ್ಲಿ ತಪ್ಪು ಹುಡುಕಿ, ಕೊನೆಗೆ ನೋಡಿದರೆ ಕ್ಯಾಮೆರಾ ಬ್ರಾಕೆಟ್‌ನ ಒಂದು ಬೋಲ್ಟ್ ಸಡಿಲವಾಗಿತ್ತು. ನಾಲ್ಕು ತಿಂಗಳಲ್ಲಿ ಮೂರು ವಾರ ಕಳೆದುಕೊಳ್ಳುವುದು ನಿಮಗೆ ಕಷ್ಟ.

ಗೆಳತಿಯ ಮಾತಿನಲ್ಲೂ ಅರ್ಧ ನಿಜವಿದೆ. ಟೆಸ್ಲಾ 2021ರಲ್ಲಿ ರೇಡಾರ್ ತೆಗೆದು ಕ್ಯಾಮೆರಾಗಳನ್ನೇ ನೆಚ್ಚಿಕೊಳ್ಳಲು ಶುರು ಮಾಡಿತು. ಇನ್ನೊಂದು ಕಡೆ ವೇಮೊ ಅನ್ನುವ ಕಂಪನಿ ಚಾಲಕರೇ ಇಲ್ಲದೆ ಓಡಿಸುವ ಟ್ಯಾಕ್ಸಿಗಳಲ್ಲಿ ಕ್ಯಾಮೆರಾ, ರೇಡಾರ್, ಲೈಡಾರ್ ಮೂರನ್ನೂ ಇಟ್ಟುಕೊಂಡಿದೆ. ಮನುಷ್ಯ ಎರಡು ಕಣ್ಣಲ್ಲೇ ಓಡಿಸುತ್ತಾನಲ್ಲ ಅನ್ನುವ ವಾದ ಕೇಳಲು ಚೆಂದ. ಆದರೆ ದೂರ ಅಳೆಯುವಾಗ ಜೋಡಿ ಕ್ಯಾಮೆರಾದ ಕಷ್ಟ ನೋಡಿ. ಕಿಟ್ಟಿ ಕಾರಿನ ಎರಡು ಕ್ಯಾಮೆರಾಗಳ ನಡುವೆ 54 ಸೆಂಟಿಮೀಟರ್ ಇದೆ. 10 ಮೀಟರ್ ದೂರದ ವಸ್ತು ಎರಡು ಚಿತ್ರಗಳಲ್ಲಿ ಸುಮಾರು 39 ಪಿಕ್ಸೆಲ್ ಆಚೀಚೆ ಕಾಣುತ್ತದೆ. ಅಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ ದೂರದಲ್ಲಿ ಗೇಣುದ್ದ ವ್ಯತ್ಯಾಸ, ಅಷ್ಟೇ. 50 ಮೀಟರ್‌ನಲ್ಲಿ ಎಂಟು ಪಿಕ್ಸೆಲ್ ಕೂಡ ಇರುವುದಿಲ್ಲ. ಅಲ್ಲಿ ಅದೇ ಒಂದು ಪಿಕ್ಸೆಲ್ ತಪ್ಪಿದರೆ ಆರೇಳು ಮೀಟರ್ ಎಡವಟ್ಟು. ನಿಮ್ಮ ಫೋನಿನಲ್ಲಂತೂ ಒಂದೇ ಕಣ್ಣು.

ರೇಡಾರ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಕಾರಿನ ರೇಡಾರ್ ಸಾಮಾನ್ಯವಾಗಿ 77 ಗಿಗಾಹರ್ಟ್ಸ್‌ನದು. ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಮಂಜಿನ ಹನಿ ಅದರ ಮುಂದೆ ತೀರಾ ಸಣ್ಣದು, ಹಾಗಾಗಿ ಮಂಜು, ದೂಳು ದಾಟಿ ಹೋಗುತ್ತದೆ. ಲೈಡಾರ್‌ನ ಬೆಳಕು ಅದೇ ಹನಿಗೆ ಬಡಿದು ಚೆದುರಿಹೋಗುತ್ತದೆ. ಆದರೆ ರೇಡಾರ್‌ಗೆ ಮೇಲೆ ನೇತಾಡುವ ಫಲಕವೂ ಒಂದೇ, ರಸ್ತೆಯ ಕಬ್ಬಿಣದ ಮುಚ್ಚಳವೂ ಒಂದೇ, ನಿಂತ ಲಾರಿಯೂ ಒಂದೇ. ಎಲ್ಲದಕ್ಕೂ ಬ್ರೇಕ್ ಹಾಕಿದರೆ ಕಾರು ಓಡಿಸಲಾಗದು ಅಂತ ಎಷ್ಟೋ ಕಾರುಗಳ ಸಾಫ್ಟ್‌ವೇರ್ ನಿಂತ ವಸ್ತುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಂದಿದೆ. ರಾತ್ರಿ ದೀಪವಿಲ್ಲದೆ ಕೆಟ್ಟು ನಿಂತ ಟ್ರೇಲರ್ ನಮ್ಮ ರಸ್ತೆಗಳಲ್ಲಿ ಎಷ್ಟು ಅಪಾಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಣ್ಣಿಗೂ ಕಷ್ಟ, ಕ್ಯಾಮೆರಾಗೂ ಕಷ್ಟ, ಇಂಥ ರೇಡಾರ್‌ಗೂ ಕಷ್ಟ.

ಹಾಗಾದರೆ ಮೂರನ್ನೂ ಹಾಕಿದರೆ ಮುಗಿಯಿತಾ? 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿ ಊರಿನಲ್ಲಿ ಉಬರ್‌ನ ಪ್ರಯೋಗದ ಕಾರಿಗೆ ಮೂರೂ ಇದ್ದವು. ರಾತ್ರಿ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಕಾರು ಅವರಿಗೆ ಗುದ್ದಿ ಅವರು ತೀರಿಕೊಂಡರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿತು. ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಕಾರಿನ ಸೆನ್ಸರ್‌ಗಳು ಅವರನ್ನು ಹಿಡಿದಿದ್ದವು. ಬ್ರೇಕ್ ಹಾಕಲು ಅಷ್ಟು ಹೊತ್ತು ಧಾರಾಳ. ಆದರೆ ಸಾಫ್ಟ್‌ವೇರ್ ಒಮ್ಮೆ ವಾಹನ ಅಂದಿತು, ಒಮ್ಮೆ ಇತರೆ ಅಂದಿತು, ಒಮ್ಮೆ ಸೈಕಲ್ ಅಂದಿತು. ಹೆಸರು ಬದಲಾದಾಗಲೆಲ್ಲ, ಇಷ್ಟು ಹೊತ್ತು ಆ ವಸ್ತು ಯಾವ ಕಡೆ ಚಲಿಸುತ್ತಿತ್ತು ಅನ್ನುವ ಲೆಕ್ಕವನ್ನು ಅಳಿಸಿ ಹೊಸದಾಗಿ ಶುರು ಮಾಡಿತು. ಜೀಬ್ರಾ ಪಟ್ಟೆ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಅನ್ನುವುದೇ ಅದರ ತಲೆಯಲ್ಲಿ ಇರಲಿಲ್ಲ. ಒಳಗೆ ಕೂತಿದ್ದ ಮೇಲ್ವಿಚಾರಕಿಯ ಗಮನವೂ ರಸ್ತೆಯ ಮೇಲಿರಲಿಲ್ಲ.

ಈಗ ನಿಮ್ಮ ಟ್ರಾಮ್ ನೆನಪಿಸಿಕೊಳ್ಳಿ. ಒಂದು ಫ್ರೇಮ್‌ನಲ್ಲಿ ಟ್ರಾಮ್, ಮುಂದಿನದರಲ್ಲಿ ಏನೂ ಇಲ್ಲ, ಮತ್ತೆ ಟ್ರಾಮ್. ರೋಗ ಅದೇ ಜಾತಿಯದ್ದು. ಹೆಸರು ಗೊತ್ತಾದರೆ ಮಾತ್ರ ವಸ್ತು ಇದೆ ಅಂತ ಒಪ್ಪಿಕೊಳ್ಳುವ ರೋಗ. ನಮ್ಮ ಡ್ರೈವರ್‌ಗಳು ಹಾಗಲ್ಲ. ಮುಂದೆ ಏನೋ ಕಪ್ಪಗೆ ಕಂಡರೆ ಮೊದಲು ಕಾಲು ಬ್ರೇಕಿಗೆ ಹೋಗುತ್ತದೆ, ಅದು ಎಮ್ಮೆಯೋ ಟ್ರೇಲರೋ ಅಂತ ಆಮೇಲೆ.

ಅಣ್ಣನಿಗೆ ಉತ್ತರವೂ ಇಲ್ಲೇ ಇದೆ. ಈ ವಿದ್ಯೆ ಬೆಳೆದಿದ್ದೇ ವಿಶ್ವವಿದ್ಯಾಲಯಗಳಲ್ಲಿ. ಮ್ಯೂನಿಕ್‌ನಲ್ಲಿ ಪ್ರೊಫೆಸರ್ ಅರ್ನ್ಸ್ಟ್ ಡಿಕ್‌ಮನ್ಸ್ ಅವರ ತಂಡದ ಕಾರು 1995ರಲ್ಲೇ ಡೆನ್ಮಾರ್ಕ್‌ವರೆಗೆ ಹೋಗಿತ್ತು, ದಾರಿಯ ಬಹುಪಾಲು ತಾನೇ ಸ್ಟೀರಿಂಗ್ ನೋಡಿಕೊಂಡು. ಅದಕ್ಕೂ ಮೊದಲು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೀನ್ ಪಾಮರ್‌ಲೊ ಅವರ ನರಜಾಲ (ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ಅಡ್ಡಕ್ಕೆ 30, ಉದ್ದಕ್ಕೆ 32 ಸಾಲು ಪಿಕ್ಸೆಲ್‌ಗಳ ಚಿತ್ರ ನೋಡಿ ವ್ಯಾನ್ ತಿರುಗಿಸುತ್ತಿತ್ತು. ಇಡೀ ಚಿತ್ರಕ್ಕೆ 960 ಪಿಕ್ಸೆಲ್! 2004ರಲ್ಲಿ ಅಮೆರಿಕದ ಮರುಭೂಮಿಯಲ್ಲಿ ನಡೆದ ಚಾಲಕರಿಲ್ಲದ ಕಾರುಗಳ ಸ್ಪರ್ಧೆಯಲ್ಲಿ ಒಂದೂ ಗುರಿ ಮುಟ್ಟಲಿಲ್ಲ. ಮರುವರ್ಷ ಸ್ಟ್ಯಾನ್‌ಫರ್ಡ್‌ನ 'ಸ್ಟ್ಯಾನ್ಲಿ' ಸುಮಾರು 212 ಕಿ.ಮೀ. ಏಳು ಗಂಟೆಯೊಳಗೆ ಓಡಿ ಗೆದ್ದಿತು. ಈಗ ಸಾವಿರಾರು ಕಾರು ಬೀದಿಗೆ ಬಿಟ್ಟು ಡೇಟಾ ಕೂಡಿಸುವುದು ಕಂಪನಿಗಳಿಗೇ ಸಾಧ್ಯ, ಆ ಓಟದಲ್ಲಿ ಕಾಲೇಜು ಗೆಲ್ಲುವುದಿಲ್ಲ, ಅಣ್ಣ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ಕಂಪನಿಗಳು ತಮ್ಮ ಕಣ್ಣು ಎಲ್ಲಿ ಸೋಲುತ್ತದೆ ಅಂತ ಊರಿಗೆಲ್ಲ ಹೇಳುವುದಿಲ್ಲ. ಅದನ್ನು ಹುಡುಕಿ, ಅಳೆದು, ಎಲ್ಲರಿಗೂ ಕೊಡುವ ಕೆಲಸ ವಿಶ್ವವಿದ್ಯಾಲಯಗಳದ್ದೇ.

ನಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಹೈದರಾಬಾದಿನ ಐಐಐಟಿ, ಇಂಟೆಲ್ ಜತೆ ಸೇರಿ ಇಂಡಿಯನ್ ಡ್ರೈವಿಂಗ್ ಡೇಟಾಸೆಟ್ ಮಾಡಿತು. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಮುತ್ತಲಿನ 182 ಓಡಾಟಗಳು, ಸುಮಾರು 10,000 ಚಿತ್ರ, 34 ಬಗೆಯ ಲೇಬಲ್. ಆಟೊಗೆ ಸ್ವಂತ ಹೆಸರಿದೆ, ಪ್ರಾಣಿಗೂ ಇದೆ. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಲೇಬಲ್‌ಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ರೀತಿ. ಮೇಲಿನ ಮೆಟ್ಟಿಲಲ್ಲಿ ಏಳೇ ಗುಂಪು, ಕೆಳಗಿಳಿದಂತೆ ಹೆಚ್ಚು ಹೆಚ್ಚು. ಯಾವ ಹೆಸರಿಗೂ ಸೇರದ ಗಾಡಿಗೆ 'ಬೇರೆ ವಾಹನ' ಅಂತ ಒಂದು ಜಾಗ. ಟಾರು ಇಲ್ಲದಿದ್ದರೂ ಗಾಡಿ ಇಳಿಸಬಹುದಾದ ಮಣ್ಣಿನ ಅಂಚಿಗೂ ಒಂದು ಹೆಸರು. ಇದು ಬರೀ ವರ್ಗೀಕರಣ ಅಲ್ಲ, ನಮ್ಮ ರಸ್ತೆಯನ್ನು ಅರ್ಥಮಾಡಿಕೊಂಡವರ ಕೆಲಸ.

ಇನ್ನು ನಿಮ್ಮ ನಾಲ್ಕು ತಿಂಗಳು. ಲೈಡಾರ್ ಕೊಳ್ಳಬೇಡಿ. ಕಾರಣ ಮೇಲೆ ಹೇಳಿದೆ. ಕಂಪ್ಯೂಟರ್ ಒಳಗೇ ನಕಲಿ ರಸ್ತೆ ಕಟ್ಟಿಕೊಡುವ ಕಾರ್ಲಾದಂಥ ಸಿಮ್ಯುಲೇಟರ್‌ನಲ್ಲಿ ಮಾಡಿಬಿಡೋಣ ಅನ್ನಿಸಬಹುದು. ಉಚಿತ, ಸುರಕ್ಷಿತ, ಮಂಜು ಮಳೆ ಎಲ್ಲ ಗುಂಡಿ ಒತ್ತಿದರೆ ಬರುತ್ತದೆ. ಆದರೆ ಅಲ್ಲಿನ ಬೀದಿಗಳೂ ಅಮೆರಿಕ, ಯುರೋಪಿನ ಥರದವೇ. ಕಬ್ಬಿನ ಟ್ರೇಲರನ್ನು ನೀವೇ ಕಟ್ಟಬೇಕು. ಕಟ್ಟಿದ ಮೇಲೆ ಮಾಡೆಲ್ ನೀವು ಬಿಡಿಸಿದ ಚಿತ್ರವನ್ನು ಕಲಿಯುತ್ತದೆ, ಕಬ್ಬನ್ನಲ್ಲ.

ಇಂಡಿಯನ್ ಡ್ರೈವಿಂಗ್ ಡೇಟಾಸೆಟ್ ಮೇಲೆ ಮತ್ತೆ ತರಬೇತಿ ಕೊಡುವುದು ಒಳ್ಳೆಯ ದಾರಿ. ಜತೆಗೆ ನಿಮ್ಮೂರ ಏಳೆಂಟು ನೂರು ಚಿತ್ರ ಸೇರಿಸಿ. ಅಪಾಯ ಎರಡು. ಒಂದು, ಲೇಬಲ್ ಹಚ್ಚುವ ಶ್ರಮ. ಯುರೋಪಿನ ನಗರಗಳ ಸಿಟಿಸ್ಕೇಪ್ಸ್ ಡೇಟಾಸೆಟ್‌ನಲ್ಲಿ ಒಂದೊಂದು ಚಿತ್ರದ ಎಲ್ಲ ಅಂಚು ಬಿಡಿಸಲು ಒಂದೂವರೆ ಗಂಟೆ ಹಿಡಿದಿತ್ತು. ನೀವು ವಸ್ತುವಿನ ಸುತ್ತ ಬರೀ ಚೌಕ ಹಾಕಿ, ನಿಮಿಷಗಳಲ್ಲಿ ಮುಗಿಯುತ್ತದೆ. ಎರಡು, ಮಾಡೆಲ್ ಹೊಸದನ್ನು ಕಲಿಯುತ್ತಾ ಹಳೆಯದನ್ನು ಮರೆಯುತ್ತದೆ. ಹಳೆ ಚಿತ್ರಗಳನ್ನೂ ಕಲಸಿಕೊಡಿ. ಮುಖ ಮತ್ತು ನಂಬರ್ ಪ್ಲೇಟ್ ಮಸುಕು ಮಾಡುವುದನ್ನು ಮರೆಯಬೇಡಿ.

ನಾನಾದರೆ ಇನ್ನೊಂದು ದಾರಿಯನ್ನು ಮುಖ್ಯ ಮಾಡಿಕೊಳ್ಳುತ್ತಿದ್ದೆ. 'ಇದು ಏನು' ಅಂತ ಕೇಳುವುದು ಬಿಟ್ಟು 'ಇಲ್ಲಿ ರಸ್ತೆ ಖಾಲಿ ಇದೆಯಾ' ಅಂತ ಕೇಳುವ ಮಾಡೆಲ್. ಖಾಲಿ ಜಾಗ ಎಷ್ಟು ದೂರದವರೆಗೆ ಇದೆ ಅಂತ ಹೇಳಿದರೆ ಸಾಕು. ಟ್ರ್ಯಾಕ್ಟರ್, ಎಮ್ಮೆ, ಮದುವೆ ಮೆರವಣಿಗೆ, ಯಾವುದಕ್ಕೂ ಹೆಸರು ಬೇಕಿಲ್ಲ. ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರೆ, ಅದು ಖಾಲಿಯಾ ಅಲ್ಲವಾ? ನೆರಳು, ತೇವದ ಕಲೆ, ಹೊಸ ಟಾರಿನ ತೇಪೆ ಕಂಡರೂ ಮಾಡೆಲ್ ಬೆದರಬಹುದು. ಅದು ಎಷ್ಟು ಸಲ ಸುಮ್ ಸುಮ್ನೆ ಬೆದರಿತು ಅಂತ ಎಣಿಸಿ ಬರೆಯಿರಿ. ಆ ಎಣಿಕೆಯೇ ಒಂದು ಅಧ್ಯಾಯ ಆಗುತ್ತದೆ.

ಅಳತೆಯನ್ನೂ ಬದಲಿಸಿ. ಶೇಕಡಾ ಎಷ್ಟು ಅನ್ನುವುದು ಕಾರಿಗೆ ಬೇಕಿಲ್ಲ. ಎಷ್ಟು ದೂರದಿಂದ ಕಂಡಿತು ಅನ್ನುವುದು ಬೇಕು. 60 ಕಿ.ಮೀ. ವೇಗದಲ್ಲಿ, ಒಂದು ಸೆಕೆಂಡ್ ಯೋಚನೆಗೆ 17 ಮೀಟರ್, ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇನ್ನೊಂದು 23 ಮೀಟರ್. ಒಟ್ಟು 40. ಹಾಗಾಗಿ ನಿಮ್ಮ ಗೆರೆ 50 ಮೀಟರ್. ಅಷ್ಟು ದೂರದಿಂದ ಕಂಡು, ಆಮೇಲೆ ಒಂದು ಫ್ರೇಮ್‌ನಲ್ಲೂ ಕೈಬಿಡದಿದ್ದರೆ ಪಾಸು. 30 ಮೀಟರ್‌ಗೆ ಕಂಡರೆ, ಹೆಸರು ಎಷ್ಟೇ ಸರಿ ಹೇಳಲಿ, ಫೇಲು.

ಇದನ್ನು ಅಳೆಯಲು ಹೆದ್ದಾರಿಗೆ ಹೋಗಬೇಡಿ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರ್‌ಗಳು ಗಂಟೆಗಟ್ಟಲೆ ಸಾಲಾಗಿ ನಿಂತಿರುತ್ತವೆ. ಅನುಮತಿ ಕೇಳಿ. ಟೇಪ್ ಹಿಡಿದು 20, 30, 50, 70 ಮೀಟರ್‌ಗೆ ಸುಣ್ಣದ ಗುರುತು ಹಾಕಿ. ಒಂದೊಂದು ಗುರುತಿನಿಂದ ವಿಡಿಯೊ ತೆಗೆಯಿರಿ. ಹಗಲು ಒಮ್ಮೆ, ಸಂಜೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಹಿಂದೆ ರಿಫ್ಲೆಕ್ಟರ್ ಪಟ್ಟಿ ಇರುವ ಟ್ರೇಲರ್ ಒಂದು, ಇಲ್ಲದ್ದು ಒಂದು. ಪರೀಕ್ಷೆಗೆ ಇಡುವ ಟ್ರ್ಯಾಕ್ಟರ್‌ಗಳು ತರಬೇತಿಯಲ್ಲಿ ಇರಬಾರದು, ಅವಳಿ ಫ್ರೇಮ್ ಕಥೆ ಮತ್ತೆ ಬೇಡ. ನಿಮ್ಮ ಮಾಡೆಲನ್ನು ಯಾವ ಕಾರಣಕ್ಕೂ ಓಡುವ ಗಾಡಿಯ ಬ್ರೇಕಿಗೋ ಸ್ಟೀರಿಂಗಿಗೋ ಜೋಡಿಸಬೇಡಿ. ಅದು ಈಗ ನೋಡಲಿ, ಅಷ್ಟೇ.

ಕೆಲಸ ಸಿಗುತ್ತದಾ ಅಂತ ನೀವು ಕೇಳಿಲ್ಲ, ಆದರೆ ಅಣ್ಣ ಕೇಳುತ್ತಾನೆ. ಚಾಲಕರಿಲ್ಲದ ಕಾರನ್ನು ಭಾರತಕ್ಕೆ ಬಿಡುವುದಿಲ್ಲ ಅಂತ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಹೇಳಿದ್ದಾರೆ, ಡ್ರೈವರ್‌ಗಳ ಕೆಲಸ ಹೋಗುತ್ತದೆ ಅಂತ. ಇರಲಿ. ತಾನೇ ಬ್ರೇಕ್ ಹಾಕುವ, ಲೇನ್ ತಪ್ಪಿದರೆ ಎಚ್ಚರಿಸುವ ಕಾರುಗಳು ಆಗಲೇ ಇಲ್ಲಿ ಮಾರಾಟದಲ್ಲಿವೆ. ಅವುಗಳ ಕಣ್ಣಿನ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತಿದೆ. ಸಂದರ್ಶನದಲ್ಲಿ 96% ಅಂದರೆ ಯಾರೂ ತಲೆ ಎತ್ತಲ್ಲ. ಕತ್ತಲಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಎಷ್ಟು ಮೀಟರ್‌ನಿಂದ ಕಂಡಿತು ಅಂತ ಅಳೆದ ಕೋಷ್ಟಕ ತೋರಿಸಿ, ಅರ್ಧ ಗಂಟೆ ಬಿಡುವುದಿಲ್ಲ.

ಒಂದೇ ಅವಸರ. ಬೇಸಿಗೆ ಬಂದರೆ ಕಾರ್ಖಾನೆಗಳು ಅರೆಯುವುದು ನಿಲ್ಲಿಸುತ್ತವೆ, ಟ್ರೇಲರ್‌ಗಳು ಖಾಲಿಯಾಗಿ ಹೊಲಕ್ಕೆ ಹೋಗುತ್ತವೆ. ಕೋಡ್ ಏಪ್ರಿಲ್‌ನಲ್ಲೂ ಬರೆಯಬಹುದು. ಈ ವಾರವೇ ಅಂಗಳಕ್ಕೆ ಹೋಗಿ ವಿಡಿಯೊ ತೆಗೆದುಬಿಡಿ.